ಸ್ವಂತ ಪೂಲ್ ಕ್ಯೂಗೆ ಯಾವ ಚರ್ಮದ ಟಿಪ್ ಹಾಕಿಸಲಿ? ಕರಾವಳಿಯ ಮಳೆಗಾಲಕ್ಕೆ ಯಾವುದು ನಿಲ್ಲುತ್ತದೆ?

ಕಡಲೂರ ಕ್ಯೂ (ಮಂಗಳೂರು) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮೂರು ವರ್ಷಗಳಿಂದ ಪೂಲ್ ಆಡುತ್ತಿದ್ದೇನೆ. ವಾರಕ್ಕೆ ಮೂರು ಸಂಜೆ, ಹೆಚ್ಚಾಗಿ ಏಯ್ಟ್ ಬಾಲ್. ಇಷ್ಟು ದಿನ ಪಾರ್ಲರಿನ ಗೋಡೆಗೆ ಒರಗಿಸಿಟ್ಟ ಕ್ಯೂಗಳನ್ನು, ಅಂದರೆ ಚೆಂಡು ಹೊಡೆಯುವ ಕೋಲುಗಳನ್ನು, ಒಂದೊಂದಾಗಿ ಟೇಬಲ್ ಮೇಲೆ ಉರುಳಿಸಿ ನೋಡಿ, ಕಡಿಮೆ ಸೊಟ್ಟಗಿರುವುದನ್ನು ಹುಡುಕಿಕೊಂಡು ಆಡುತ್ತಿದ್ದೆ. ಏಪ್ರಿಲ್‌ನಲ್ಲಿ ಮಸ್ಕತ್‌ನಿಂದ ರಜೆಗೆ ಬಂದ ಅಣ್ಣ ನನಗೊಂದು ಸ್ವಂತ ಕ್ಯೂ ತಂದುಕೊಟ್ಟ. ಎರಡು ತುಂಡಿನದು, ಮುಂದಿನ ತುಂಡು, ಅಂದರೆ ಶಾಫ್ಟ್, ಮೇಪಲ್ ಮರದ್ದು, ತುದಿಯ ವ್ಯಾಸ 12.75 ಮಿ.ಮೀ., ತೂಕ 19 ಔನ್ಸ್. ಅಷ್ಟು ನೇರವಾದ ಕ್ಯೂವನ್ನು ನಾನು ಅದುವರೆಗೆ ಕೈಯಲ್ಲಿ ಹಿಡಿದಿರಲಿಲ್ಲ.

ತೊಂದರೆ ಇರುವುದು ಕ್ಯೂವಿನ ತುದಿಗೆ ಅಂಟಿಸುವ ಚರ್ಮದ ಬಿಲ್ಲೆಯಾದ ಟಿಪ್‌ನಲ್ಲಿ. ಮೊದಲ ಒಂದೂವರೆ ತಿಂಗಳು ಚೆನ್ನಾಗಿಯೇ ಇತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದರ ಪಕ್ಕಗಳು ಅಣಬೆಯ ಕೊಡೆಯಂತೆ, ಟಿಪ್ ಕೂರುವ ಗಟ್ಟಿ ಬಳೆಯಾದ ಫೆರುಲ್‌ನ ಅಂಚನ್ನು ದಾಟಿ ಹೊರಚಾಚಿದವು. ನೆತ್ತಿ ಮಾತ್ರ ಸ್ಲೇಟಿನಂತೆ ಹೊಳೆಯುತ್ತಿದೆ. ಚೆಂಡಿನ ಮೇಲೆ ಜಾರದಿರಲೆಂದು ಚಾಕ್ ಹಚ್ಚಿದರೆ ನಿಲ್ಲುವುದಿಲ್ಲ, ಪುಡಿಯಾಗಿ ಉದುರುತ್ತದೆ. ಕಳೆದ ಶನಿವಾರ ಗೆಳೆಯರ ನಡುವಿನ ಪಂದ್ಯದಲ್ಲಿ ಎಂಟನೆಯ ಚೆಂಡೊಂದೇ ಉಳಿದಿತ್ತು. ಬಿಳಿ ಚೆಂಡನ್ನು ಸ್ವಲ್ಪ ಹಿಂದಕ್ಕೆ ಎಳೆಯೋಣವೆಂದು ಕೆಳಗೆ ಹೊಡೆದೆ. ಟಿಪ್ ಜಾರಿ ಟಕ್ಕೆಂದಿತು, ಬಿಳಿ ಚೆಂಡು ಹಾರಿ ಪಕ್ಕದ ಟೇಬಲ್ಲಿಗೆ ಹೋಯಿತು.

ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿ ವಿಚಾರಿಸಿದರೆ ಒಂದು ಪುಟ್ಟ ಡಬ್ಬಿ ತೆರೆದು ತೋರಿಸಿದರು. ಎಲ್ಲವೂ ನನ್ನ ಫೆರುಲ್‌ಗಿಂತ ಸಣ್ಣವು. ಅಂತರ್ಜಾಲದಲ್ಲಿ ಹುಡುಕಿದರೆ ಸಾಫ್ಟ್, ಮೀಡಿಯಂ, ಹಾರ್ಡ್, ಒಂದೇ ತುಂಡಿನದು, ಪದರಗಳದ್ದು. ಬೆಲೆ ಕೆಲವು ಹತ್ತು ರೂಪಾಯಿಗಳಿಂದ ಸಾವಿರಗಳವರೆಗೆ. ಪಾರ್ಲರಿನಲ್ಲಿ ಒಬ್ಬ ಹಿರಿಯರು, ‘ಹಾರ್ಡ್ ಟಿಪ್ ಗಂಡಸರ ಕೈಗೆ, ನಿಮಗೆ ಸಾಫ್ಟ್ ಸಾಕು’ ಎಂದರು. ಇದರಲ್ಲಿ ಏನಾದರೂ ಹುರುಳಿದೆಯೇ ಎಂದು ನಿಜವಾಗಿಯೂ ತಿಳಿಯಬೇಕಾಗಿದೆ. ಯಾವ ಟಿಪ್ ಕೊಳ್ಳಲಿ? ನಾನೇ ಕೂರಿಸಬಹುದೇ? ಈ ಊರಿನ ತೇವಕ್ಕೆ ಏನು ಮಾಡಬೇಕು?

ಮಣಿಪಾಲದ ಆಟಗಾರ

ನಾನು ಎರಡು ವರ್ಷಗಳಿಂದ ಪದರಗಳ ಹಾರ್ಡ್ ಟಿಪ್ ಬಳಸುತ್ತಿದ್ದೇನೆ. ಇಲ್ಲಿಯ ಮಳೆಗೂ ಅಣಬೆಯಾಗಲಿಲ್ಲ. ದುಬಾರಿಯಾದರೂ ಒಮ್ಮೆ ಹಾಕಿಸಿದರೆ ಬಹುಕಾಲ ಯೋಚನೆ ಇಲ್ಲ. ನೆತ್ತಿ ಬೇಗ ನುಣುಪಾಗುತ್ತದೆ, ವಾರಕ್ಕೊಮ್ಮೆ ಗೀರಿಕೊಳ್ಳಬೇಕು, ಅಷ್ಟೇ. ನನ್ನ ಮತ ಹಾರ್ಡ್‌ಗೆ.

ಹಳೆಯ ಮಾರ್ಕರ್ (ಬಸವನಗುಡಿ, ಬೆಂಗಳೂರು)

ಮೇಡಂ, ನಾನು 1979ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಗೆ ಮಾರ್ಕರ್ ಆಗಿ ಸೇರಿದೆ. ಅಂಕ ಕೂಗುವುದು, ಚೆಂಡು ಒರೆಸುವುದು, ಟೇಬಲ್ಲಿನ ಬಟ್ಟೆಗೆ ಬ್ರಷ್ ಹಾಕಿ ಇಸ್ತ್ರಿ ಮಾಡುವುದು, ಸದಸ್ಯರ ಕ್ಯೂಗಳಿಗೆ ಟಿಪ್ ಹಾಕುವುದು, ಇವು ನನ್ನ ಕೆಲಸ. ನಿವೃತ್ತನಾದ ಮೇಲೂ ಮನೆಯಲ್ಲಿ ಟಿಪ್ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆ ಓದಿದಾಗ ಉತ್ತರಿಸದೆ ಇರಲಾಗಲಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಓದಿಕೊಳ್ಳಿ.

ಮೊದಲು ಆ ಹಿರಿಯರ ಮಾತನ್ನು ಬದಿಗಿಡಿ. ಚಿತ್ರಾ ಮಗಿಮೈರಾಜ್, ವಿದ್ಯಾ ಪಿಳ್ಳೈ ಅವರಂಥ ಹೆಸರಾಂತ ಆಟಗಾರ್ತಿಯರು ಟೇಬಲ್ಲಿಗೆ ಬಂದ ಊರಿನಲ್ಲಿ ನಾನು ಕೆಲಸ ಮಾಡಿದವನು. ಈ ಮಾತು ಇಂದಿಗೂ ಕೇಳಿಬರುತ್ತಿರುವುದು ನನಗೆ ನೋವಿನ ಸಂಗತಿ. ಟಿಪ್ ನೋಡುವುದು ನಿಮ್ಮ ಹೊಡೆತದ ವೇಗ ಮತ್ತು ನೀವು ಚೆಂಡಿನ ಯಾವ ಜಾಗಕ್ಕೆ ಹೊಡೆಯುತ್ತೀರಿ ಎಂಬುದನ್ನು ಮಾತ್ರ. ಹೊಡೆಯುವ ಕೈ ಯಾರದು ಎಂಬುದು ಚರ್ಮಕ್ಕೆ ಗೊತ್ತಾಗುವುದಿಲ್ಲ.

ಎರಡನೆಯದು ಅಳತೆ. ಅಂಗಡಿಯಲ್ಲಿ ನಿಮಗೆ ತೋರಿಸಿದ್ದು ಸ್ನೂಕರ್ ಟಿಪ್. ಸ್ನೂಕರ್ ಕ್ಯೂವಿನ ತುದಿ ಒಂಬತ್ತರಿಂದ ಹತ್ತು ಮಿ.ಮೀ. ಇರುತ್ತದೆ. ನಮ್ಮ ದೇಶದಲ್ಲಿ ಆ ಆಟದ ಬೇರು ಆಳವಾಗಿದೆ. 1875ರಲ್ಲಿ ಜಬಲ್ಪುರದ ಸೈನ್ಯದ ಮೆಸ್ಸಿನಲ್ಲಿ ಅದು ಹುಟ್ಟಿತು, ಅದರ ನಿಯಮಗಳು ನಮ್ಮ ನೆರೆಯ ಊಟಿ ಕ್ಲಬ್ಬಿನಲ್ಲಿ ರೂಪುಗೊಂಡವು. ಹಾಗಾಗಿ ಅಂಗಡಿಗಳು ಅದನ್ನೇ ಇಡುತ್ತವೆ. ನಿಮ್ಮ ಶಾಫ್ಟ್ 12.75 ಮಿ.ಮೀ. ಆದ್ದರಿಂದ 14 ಮಿ.ಮೀ. ಟಿಪ್ ತರಿಸಿ, 13 ಕೂಡ ಆಗುತ್ತದೆ. ಆದರೆ ಹೊಸಬರಿಗೆ 14 ವಾಸಿ. ನಡುವಿಗೆ ಸರಿಯಾಗಿ ಕೂರದೆ ಕೂದಲೆಳೆಯಷ್ಟು ಸರಿದರೂ ಸುತ್ತಲೂ ಕತ್ತರಿಸಿ ಸರಿಪಡಿಸಲು ಚರ್ಮ ಉಳಿದಿರುತ್ತದೆ. ಫೆರುಲ್‌ಗಿಂತ ಸಣ್ಣ ಟಿಪ್ಪನ್ನು ‘ಹೇಗೋ ನಡೆಯುತ್ತದೆ’ ಎಂದು ಎಂದಿಗೂ ಅಂಟಿಸಬೇಡಿ. ಫೆರುಲ್‌ನ ಬರಿಯ ಅಂಚು ಚೆಂಡಿಗೆ ಬಡಿದು ಚೆಂಡೂ ಕೆಡುತ್ತದೆ, ಫೆರುಲ್ ಕೂಡ ಸೀಳುತ್ತದೆ.

ಈಗ ಮೆದುವೋ ಗಟ್ಟಿಯೋ ಎಂಬ ಮಾತು. ಮೀಡಿಯಂ ತೆಗೆದುಕೊಳ್ಳಿ. ನನಗೆ ಇದರಲ್ಲಿ ಅನುಮಾನವೇ ಇಲ್ಲ. ಮೆದುವಾದ ಟಿಪ್ ಚಾಕನ್ನು ಚೆನ್ನಾಗಿ ಹಿಡಿಯುತ್ತದೆ, ಹೊಡೆತದ ಸದ್ದು ಕಡಿಮೆ, ನಿಧಾನದ ಹೊಡೆತ ಕೈಗೆ ಹಿತವೆನಿಸುತ್ತದೆ. ಆದರೆ ಬೇಗ ಅದುಮಿಕೊಂಡು ಪಕ್ಕಕ್ಕೆ ಹರಡುತ್ತದೆ. ಕರಾವಳಿಯ ಗಾಳಿಯಲ್ಲಿ ಇನ್ನೂ ಬೇಗ. ಗಟ್ಟಿಯಾದದ್ದು ಆಕಾರ ಬಿಡುವುದಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ನೆತ್ತಿ ಹೊಳಪೇರಿ ಚಾಕನ್ನು ತಳ್ಳಿಬಿಡುತ್ತದೆ, ಅದನ್ನು ಬಿಡದೆ ನೋಡಿಕೊಳ್ಳುವ ಅಭ್ಯಾಸ ಬೇಕು. ಮಣಿಪಾಲದವರು ವಾರಕ್ಕೊಮ್ಮೆ ಗೀರುತ್ತಾರೆ, ಅದಕ್ಕೇ ಅವರಿಗೆ ಅದು ಒಗ್ಗಿದೆ. ನಿಮಗೆ ಇನ್ನೂ ನಿಮ್ಮ ಕ್ಯೂವಿನ ಪರಿಚಯವೇ ಪೂರ್ತಿಯಾಗಿಲ್ಲ. ಮೀಡಿಯಂನಲ್ಲಿ ಆರು ತಿಂಗಳು ಆಡಿದರೆ, ಇದಕ್ಕಿಂತ ಮೆದು ಬೇಕೋ ಗಟ್ಟಿ ಬೇಕೋ ಎಂಬುದು ನಿಮಗೇ ತಿಳಿಯುತ್ತದೆ. ನಡುವೆ ನಿಂತವರಿಗೆ ಎರಡೂ ಕಡೆ ಕಾಣುತ್ತದೆ.

ಒಂದೇ ತುಂಡಿನದೋ ಪದರಗಳದ್ದೋ? ನಾನು ಮೊದಲ ಹದಿನೈದು ಇಪ್ಪತ್ತು ವರ್ಷ ಒಂದೇ ತುಂಡಿನ ಟಿಪ್ಪುಗಳನ್ನೇ ಹಾಕಿದವನು. ಎಲ್ಕ್ ಮಾಸ್ಟರ್ ಎಂಬ ಹೆಸರಿನ ಟಿಪ್ಪುಗಳ ಡಬ್ಬಿ ಬಂದರೆ ಐವತ್ತು ಟಿಪ್ಪುಗಳನ್ನೂ ಕಲ್ಲಿನ ಮೇಲೆ ಒಂದೊಂದಾಗಿ ಬೀಳಿಸಿ ಸದ್ದು ಕೇಳುತ್ತಿದ್ದೆ, ಉಗುರಿನಿಂದ ಒತ್ತಿ ನೋಡುತ್ತಿದ್ದೆ. ಕೆಲವು ಕಲ್ಲು ಬಿದ್ದಂತೆ, ಕೆಲವು ಹತ್ತಿ ಬಿದ್ದಂತೆ. ಡಬ್ಬಿ ಒಂದೇ, ಹೆಸರು ಒಂದೇ, ಗುಣ ಮಾತ್ರ ಬೇರೆ ಬೇರೆ. ಒಳ್ಳೆಯವು ಸಿಕ್ಕರೆ ಅವುಗಳಿಗೆ ಸಾಟಿ ಇಲ್ಲ. ಆಮೇಲೆ ಜಪಾನಿನ ಮೂರಿ, ಕಾಮುಯಿ ಮುಂತಾದ ಪದರಗಳ ಟಿಪ್ಪುಗಳು ಕೈಗೆ ಬಂದವು. ತೆಳುವಾದ ಹಂದಿಯ ಚರ್ಮವನ್ನು ಎಂಟೋ ಹತ್ತೋ ಪದರಗಳಾಗಿ ಅಂಟಿಸಿ ಒತ್ತಿರುತ್ತಾರೆ. ಇವತ್ತು ಹಾಕಿದ್ದೂ ಮುಂದಿನ ವರ್ಷ ಹಾಕುವುದೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ನೀವು ಅಷ್ಟು ಹಣ ಕೊಡುವುದು ಆ ಒಂದೇತನಕ್ಕೆ. ಚೆಂಡು ತಾನಾಗಿ ಹೆಚ್ಚು ತಿರುಗುತ್ತದೆ ಎಂಬ ಆಸೆಯಿಂದ ಕೊಳ್ಳಬೇಡಿ.

ನನ್ನ ಸಲಹೆ ಹೀಗೆ: ಅಗ್ಗದ ಒಂದೇ ತುಂಡಿನ ಟಿಪ್ಪುಗಳನ್ನು ಮೂರು ನಾಲ್ಕು ತರಿಸಿ. ಪಾರ್ಲರಿನವರನ್ನು ಕೇಳಿ ಅವರ ಹಳೆಯ ಕ್ಯೂ ಒಂದರ ಮೇಲೆ ಕೂರಿಸಲು ಕಲಿಯಿರಿ. ಕೈ ಕುದುರಿದ ಮೇಲೆ ಪದರಗಳ ಮೀಡಿಯಂ ಒಂದನ್ನು ನಿಮ್ಮ ಕ್ಯೂಗೆ ಹಾಕಿ.

ಕೂರಿಸುವ ಕೆಲಸವೇ ಮುಖ್ಯ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು. ದುಬಾರಿ ಟಿಪ್ಪನ್ನು ಅಡ್ಡಾದಿಡ್ಡಿ ಅಂಟಿಸಿದ್ದಕ್ಕಿಂತ ಅಗ್ಗದ್ದನ್ನು ನೆಟ್ಟಗೆ ಅಂಟಿಸಿದ್ದು ನೂರು ಪಾಲು ಮೇಲು. ಹಳೆಯದನ್ನು ಹೊಸ ಬ್ಲೇಡಿನಿಂದ ಸ್ವಲ್ಪ ಸ್ವಲ್ಪವೇ ಕೊಯ್ದು ತೆಗೆಯಿರಿ, ಎಳೆದು ಕೀಳಬೇಡಿ. ಫೆರುಲ್‌ನ ತಲೆಯ ಮೇಲೆ ಉಳಿದ ಹಳೆಯ ಅಂಟನ್ನು ಹೆರೆಯಿರಿ. ಒಂದು ಗಾಜಿನ ತುಂಡಿನ ಮೇಲೆ ನಯವಾದ ಮರಳು ಕಾಗದ ಹರಡಿ, ಕ್ಯೂವನ್ನು ನೆಟ್ಟಗೆ ನಿಲ್ಲಿಸಿ ಹಗುರವಾಗಿ ನಾಲ್ಕು ಸುತ್ತು ತಿರುಗಿಸಿ. ಗಾಜು ಏಕೆಂದರೆ ಮರದ ಹಲಗೆ ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ಹೊಸ ಟಿಪ್ಪಿನ ತಳವನ್ನೂ ಅದೇ ಕಾಗದದ ಮೇಲೆ ಉಜ್ಜಿ. ಎರಡೂ ಮುಖಗಳನ್ನು ಒಂದಕ್ಕೊಂದು ಸೇರಿಸಿ ಬೆಳಕಿಗೆ ಹಿಡಿದರೆ ನಡುವೆ ಬೆಳಕಿನ ಗೆರೆ ಕಾಣಬಾರದು. ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ.

ಹಿಂದೆ ನಾವು ಬಿಸಿ ಮಾಡಿ ಹಚ್ಚುವ ಅಂಟು ಬಳಸುತ್ತಿದ್ದೆವು. ಈಗ ಜೆಲ್ ರೂಪದ ಸೂಪರ್ ಗ್ಲೂ ಸಿಗುತ್ತದೆ, ಅದೇ ಒಳ್ಳೆಯದು. ನೀರಿನಂಥದ್ದು ಚರ್ಮದೊಳಗೆ ಇಂಗಿ ತಳವನ್ನು ಕಲ್ಲು ಮಾಡುತ್ತದೆ, ಶಾಫ್ಟಿನ ಮೇಲೂ ಹರಿದು ಕಲೆ ಬೀಳಿಸುತ್ತದೆ. ಫೆರುಲ್ ಸುತ್ತ ಮಾಸ್ಕಿಂಗ್ ಟೇಪ್ ಸುತ್ತಿ. ಜೋಳದ ಕಾಳಿನಷ್ಟು ಅಂಟು ಸಾಕು. ಟಿಪ್ ಇಟ್ಟು ನಡುವಿಗೆ ಸರಿಪಡಿಸಿ, ಕ್ಯೂವನ್ನು ತಲೆಕೆಳಗಾಗಿ ನಿಲ್ಲಿಸಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟು ಕ್ಷಣದಲ್ಲಿ ಹಿಡಿದಂತೆ ಕಂಡರೂ ರಾತ್ರಿ ಪೂರ್ತಿ ಬಿಡಿ.

ಮರುದಿನ ಟಿಪ್ಪಿನ ನೆತ್ತಿಯನ್ನು ಹಲಗೆಯ ಮೇಲೆ ಊರಿ, ಫೆರುಲ್ ಕಡೆಯಿಂದ ಹಲಗೆಯ ಕಡೆಗೆ ಬ್ಲೇಡನ್ನು ಇಳಿಸುತ್ತಾ, ಕ್ಯೂ ತಿರುಗಿಸುತ್ತಾ, ಹೊರಚಾಚಿದ ಚರ್ಮವನ್ನು ಸವರಿ ತೆಗೆಯಿರಿ. ಮೇಲ್ಮುಖವಾಗಿ ಕೊಯ್ದರೆ ಪದರಗಳು ಬಿಚ್ಚಿಕೊಳ್ಳುತ್ತವೆ. ಆಮೇಲೆ ಪಕ್ಕವನ್ನು ಮಾತ್ರ ಬೆರಳಿನಿಂದ ತುಸು ಒದ್ದೆ ಮಾಡಿ, ಹಳೆಯ ಬೆಲ್ಟಿನ ಚರ್ಮದ ತುಂಡನ್ನು ಸುತ್ತಿ ಹಿಡಿದು, ಬಿಸಿ ಏರುವವರೆಗೆ ಜೋರಾಗಿ ಉಜ್ಜಿ. ಪಕ್ಕದ ಗೋಡೆ ಕಪ್ಪಾಗಿ, ನುಣುಪಾಗಿ, ಗಟ್ಟಿಯಾಗುತ್ತದೆ. ಅಣಬೆಯಾಗುವುದನ್ನು ತಡೆಯುವುದು ಈ ಗೋಡೆಯೇ. ಕಾರ್ಖಾನೆಯ ಟಿಪ್ಪುಗಳಲ್ಲಿ ಬಹಳ ಸಲ ಈ ಕೆಲಸ ಅರ್ಧಂಬರ್ಧ ಆಗಿರುತ್ತದೆ. ನಿಮ್ಮದೂ ಹಾಗೆಯೇ ಇರಬೇಕು.

ನೆತ್ತಿಯನ್ನು ದುಂಡಗೆ ಮಾಡಲು ಅಳತೆಗೆ ಒಂದು ರೂಪಾಯಿ ನಾಣ್ಯ ಸಾಕು. ಅಮೆರಿಕದವರು ತಮ್ಮ ಡೈಮ್, ನಿಕಲ್ ನಾಣ್ಯಗಳ ಬಾಗಿಗೆ ಹೋಲಿಸುತ್ತಾರೆ. ನಿಕಲ್ ಸುಮಾರು 21 ಮಿ.ಮೀ., 2011ರ ಸರಣಿಯ ನಮ್ಮ ಒಂದು ರೂಪಾಯಿ ಸುಮಾರು 22. ಟಿಪ್ಪಿನ ಹಿಂದೆ ನಾಣ್ಯ ಹಿಡಿದು ಅಡ್ಡದಿಂದ ನೋಡಿ, ಎರಡರ ಬಾಗು ಒಂದೇ ಆಗುವಂತೆ ಮರಳು ಕಾಗದದಿಂದ ರೂಪಿಸಿ. ಚಪ್ಪಟೆಯಾಗಿ ಬಿಟ್ಟರೆ ಬದಿಗೆ ಹೊಡೆದಾಗ ಅಂಚೇ ಮೊದಲು ತಾಗುತ್ತದೆ, ಆಗ ಜಾರುತ್ತದೆ.

ಇನ್ನೊಂದು ಮಾತು. ಬಹಳ ವರ್ಷಗಳ ಹಿಂದೆ, ರಾಜ್ಯಮಟ್ಟದ ಪಂದ್ಯಕ್ಕೆ ಎರಡು ದಿನ ಇರುವಾಗ, ಕಿರಿಯ ಆಟಗಾರನೊಬ್ಬ ಹೊಸ ಟಿಪ್ ಹಾಕಿಕೊಡಿ ಎಂದು ಬಂದ. ಹಳೆಯದು ಸವೆದಿತ್ತು, ಆದರೆ ಇನ್ನೂ ಒಂದು ತಿಂಗಳು ಬರುತ್ತಿತ್ತು. ಬೇಡವೆನ್ನಬೇಕಾಗಿತ್ತು, ಹಾಕಿಕೊಟ್ಟೆ. ಮೊದಲ ಪಂದ್ಯದಲ್ಲೇ ಬಿಳಿ ಚೆಂಡು ಅವನ ಲೆಕ್ಕಕ್ಕಿಂತ ಒಂದು ಗೇಣು ಹೆಚ್ಚು ಓಡುತ್ತಿತ್ತು. ನಾನು ಅಂಕ ಕೂಗುತ್ತಾ ಪಕ್ಕದಲ್ಲೇ ನಿಂತಿದ್ದೆ. ಸೋತು ಹೋಗುವಾಗಲೂ ಆ ಹುಡುಗ ನನ್ನನ್ನು ದೂರಲಿಲ್ಲ. ಅಂದಿನಿಂದ ಪಂದ್ಯ ಎರಡು ವಾರದೊಳಗಿದ್ದರೆ ಯಾರ ಕ್ಯೂಗೂ ಹೊಸ ಟಿಪ್ ಹಾಕಿಲ್ಲ. ಹೊಸ ಟಿಪ್ ಅದುಮಿಕೊಂಡು ಒಂದು ಹದಕ್ಕೆ ಬರಲು, ನಿಮ್ಮ ಕೈ ಅದಕ್ಕೆ ಹೊಂದಲು, ಅಷ್ಟು ಕಾಲ ಬೇಕೇ ಬೇಕು.

ಚರ್ಮದ ಕೆಲಸಗಾರ (ರಾಣಿಪೇಟೆ)

ನಾನು ಪೂಲ್ ಆಡುವವನಲ್ಲ. ಹಾಸನ ಜಿಲ್ಲೆಯವನು. ತಮಿಳುನಾಡಿನ ರಾಣಿಪೇಟೆಯಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಮಾರ್ಕರ್ ಸರ್ ಡಬ್ಬಿಯ ಟಿಪ್ಪುಗಳನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಿದ್ದೆ ಎಂದು ಬರೆದದ್ದನ್ನು ಓದಿ ಮನಸ್ಸು ತುಂಬಿ ಬಂತು. ಅದರ ಕಾರಣವನ್ನು ನನ್ನ ಕಡೆಯಿಂದ ಹೇಳುತ್ತೇನೆ.

ಒಂದು ತೊಗಲು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬೆನ್ನಿನ ಹಿಂಭಾಗದಲ್ಲಿ ನಾರುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ, ಹೊಟ್ಟೆಯ ಕಡೆ ಸಡಿಲ. ದಪ್ಪ ತೊಗಲಿನಿಂದ ಬಿಲ್ಲೆಗಳನ್ನು ಒತ್ತಿ ತೆಗೆದರೆ ಬೆನ್ನಿನ ಬಿಲ್ಲೆ ಗಟ್ಟಿ, ಒಂದು ಮೊಳ ಆಚೆಯ ಬಿಲ್ಲೆ ಮೆದು. ಪದರಗಳಾಗಿ ಅಂಟಿಸಿದಾಗ ಒಂದು ಪದರದ ಕೊರತೆಯನ್ನು ಇನ್ನೊಂದು ಸರಿದೂಗಿಸುತ್ತದೆ. ಹಂದಿಯ ಚರ್ಮಕ್ಕೆ ಇನ್ನೊಂದು ವಿಶೇಷವಿದೆ. ಅದರ ಬಿರುಗೂದಲಿನ ರಂಧ್ರಗಳು ಮೂರು ಮೂರರ ಗುಂಪಾಗಿ ಚರ್ಮದ ಪೂರ್ತಿ ದಪ್ಪಕ್ಕೂ ಇಳಿದಿರುತ್ತವೆ. ಹಸು, ಎಮ್ಮೆಗಳಲ್ಲಿ ಅವು ಮೇಲುಪದರದಲ್ಲೇ ನಿಲ್ಲುತ್ತವೆ. ಹಂದಿಯ ಚರ್ಮದ ಟಿಪ್ ಎಷ್ಟು ಸವೆದರೂ ಹೊಸ ರಂಧ್ರಗಳು ತೆರೆದುಕೊಳ್ಳುತ್ತಲೇ ಇರುತ್ತವೆ. ಚಾಕ್ ನಿಲ್ಲುವುದಕ್ಕೆ ಇದೂ ನೆರವಾಗುತ್ತದೆಂದು ನನ್ನ ಊಹೆ. ಹಂದಿಯ ಚರ್ಮ ಬೇಡವೆನ್ನುವವರು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಲಿ. ಒಂದೇ ತುಂಡಿನವು ಹೆಚ್ಚಾಗಿ ಎಮ್ಮೆಯದೋ ಹಸುವಿನದೋ ಆಗಿರುತ್ತವೆ.

ಹದ ಮಾಡುವ ಬಗೆಯೂ ಮುಖ್ಯ. ತೊಗಟೆಯಿಂದ ಹದ ಮಾಡಿದ ಚರ್ಮ ಬಿಗಿಯಾಗಿ, ಕಂದು ಬಣ್ಣಕ್ಕಿರುತ್ತದೆ, ಒತ್ತಿದ ಆಕಾರದಲ್ಲಿ ನಿಲ್ಲುತ್ತದೆ. ಯುರೋಪಿನಲ್ಲಿ ಓಕ್ ತೊಗಟೆ, ನಮ್ಮ ಕಡೆ ತಂಗಡಿ ಗಿಡದ ತೊಗಟೆ. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ. ಕ್ರೋಮಿಯಂ ಲವಣದಿಂದ ಹದ ಮಾಡಿದ್ದು ನೀಲಿ ಛಾಯೆಗೆ ತಿರುಗುತ್ತದೆ, ಮೆದುವಾಗಿ, ಪುಟಿಯುವಂತಿರುತ್ತದೆ. ತೊಗಟೆಯ ಚರ್ಮ ನೀರನ್ನು ಹೆಚ್ಚು ಹೀರಿಕೊಳ್ಳುತ್ತದೆ, ಕ್ರೋಮಿನದು ಅಷ್ಟಾಗಿ ಹೀರುವುದಿಲ್ಲ. ಹಾಗೆಂದು ಕರಾವಳಿಯ ಆಷಾಢದಲ್ಲಿ ಯಾವ ಚರ್ಮವೂ ಒಣಗಿ ಕುಳಿತಿರದು. ಕ್ಯೂ ಇಡುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿಡಿ. ನೆನೆದ ಟಿಪ್ಪನ್ನು ಮಾತ್ರ ಹೇರ್ ಡ್ರೈಯರ್‌ಗೋ ಒಲೆಯ ಶಾಖಕ್ಕೋ ಹಿಡಿಯಬೇಡಿ. ನೆನೆದ ಚರ್ಮಕ್ಕೆ ಶಾಖ ತಾಗಿದರೆ ಕುಗ್ಗಿ ಬಿರುಸಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ಕ್ಲೀವ್‌ಲ್ಯಾಂಡ್ ಕನ್ನಡಿಗ

ಅಮೆರಿಕದ ಒಹಾಯೋದಲ್ಲಿದ್ದೇನೆ, ಇಲ್ಲಿನ ವಾರದ ಲೀಗ್‌ನಲ್ಲಿ ಏಯ್ಟ್ ಬಾಲ್, ನೈನ್ ಬಾಲ್ ಎರಡನ್ನೂ ಆಡುತ್ತೇನೆ. ಮಾರ್ಕರ್ ಸರ್ ಹೇಳಿದ್ದನ್ನು ಅಳತೆಗಳೂ ಬೆಂಬಲಿಸುತ್ತವೆ. ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡೇವಿಡ್ ಅಲ್ಸಿಯಟೋರ್ ಅವರು ಅತಿವೇಗದ ಕ್ಯಾಮೆರಾ ಹಿಡಿದು ಪೂಲ್ ಹೊಡೆತಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದವರು. ಟಿಪ್ಪು ಚೆಂಡಿಗೆ ತಾಗಿರುವುದು ಒಂದೆರಡು ಮಿಲಿಸೆಕೆಂಡ್ ಮಾತ್ರ. ಮೆದು ಟಿಪ್ಪಿನಲ್ಲಿ ಸ್ವಲ್ಪ ಹೆಚ್ಚು, ಗಟ್ಟಿಯದರಲ್ಲಿ ಸ್ವಲ್ಪ ಕಡಿಮೆ. ಆದರೆ ಅದರಿಂದ ಚೆಂಡಿನ ತಿರುಗು ಹೆಚ್ಚಾಗುವುದಿಲ್ಲ. ತಿರುಗನ್ನು ತೀರ್ಮಾನಿಸುವುದು ನೀವು ನಡುವಿನಿಂದ ಎಷ್ಟು ದೂರ ಹೊಡೆದಿರಿ, ಎಷ್ಟು ವೇಗವಾಗಿ ಹೊಡೆದಿರಿ ಎಂಬುದು.

ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ನಡುವಿನಿಂದ ತ್ರಿಜ್ಯದ ಸುಮಾರು ಅರ್ಧದಷ್ಟು, ಅಂದರೆ 14 ಮಿ.ಮೀ. ಆಸುಪಾಸು, ದೂರ ಹೋದರೆ ಎಂಥ ಟಿಪ್ಪೂ ಜಾರುತ್ತದೆ. ಚಾಕ್ ಇಲ್ಲದ ನುಣುಪು ಟಿಪ್ಪು ಅದಕ್ಕಿಂತ ಬಹಳ ಮೊದಲೇ ಜಾರುತ್ತದೆ. ನಿಮ್ಮ ಶನಿವಾರದ ಹೊಡೆತದಲ್ಲಿ ನಡೆದದ್ದು ಇದೇ ಇರಬೇಕು. ಚಾಕ್ ಎಂದರೆ ಬರಿಯ ಸುಣ್ಣದ ಪುಡಿಯಲ್ಲ. 1897ರಲ್ಲಿ ವಿಲಿಯಂ ಸ್ಪಿಂಕ್ಸ್ ಮತ್ತು ವಿಲಿಯಂ ಹಾಸ್ಕಿನ್ಸ್ ಪೇಟೆಂಟ್ ಪಡೆದ ದಿನದಿಂದ ಅದರಲ್ಲಿ ಇರುವುದು ಚೆಂಡನ್ನು ಕಚ್ಚಿ ಹಿಡಿಯುವ ಗಡಸು ಕಣಗಳು.

ಬ್ರೇಕ್, ಅಂದರೆ ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ, ಹೊಡೆಯಲು ಮಾತ್ರ ಪಾರ್ಲರಿನ ಕ್ಯೂ ಬಳಸಿ. ಟಿಪ್ಪನ್ನು ಅತಿ ಹೆಚ್ಚು ಅದುಮುವುದು ಬ್ರೇಕ್ ಹೊಡೆತವೇ. ಇಲ್ಲಿ ಅನೇಕರು ಅದಕ್ಕೆಂದೇ ಫಿನಾಲಿಕ್ ಎಂಬ ಗಟ್ಟಿ ರಾಳದ ಟಿಪ್ಪಿರುವ ಬೇರೆ ಕ್ಯೂ ಇಟ್ಟುಕೊಳ್ಳುತ್ತಾರೆ. ಆಟದ ಕ್ಯೂಗೆ ಅದು ಬೇಡ, ಅದರ ಮೇಲೆ ಚಾಕ್ ನಿಲ್ಲುವುದಿಲ್ಲ.

ಹಳೆಯ ಮಾರ್ಕರ್ (ಬಸವನಗುಡಿ, ಬೆಂಗಳೂರು)

ಕ್ಲೀವ್‌ಲ್ಯಾಂಡಿನವರ ಲೆಕ್ಕವನ್ನು ಒಪ್ಪುತ್ತೇನೆ. ಒಂದನ್ನು ಮಾತ್ರ ಸೇರಿಸುತ್ತೇನೆ. ತಿರುಗು ಒಂದೇ ಇದ್ದರೂ ಕೈಗೆ ಬರುವ ಸುದ್ದಿ ಬೇರೆ. ಮೆದು ಟಿಪ್ಪಿನಲ್ಲಿ ಮೆಲ್ಲನೆ ಹೊಡೆದಾಗ ಚೆಂಡು ಎಷ್ಟು ದೂರ ಹೋಗುತ್ತದೆ ಎಂಬ ಅಂದಾಜು ಒಬ್ಬರಿಗೆ ಸಿಗುತ್ತದೆ, ಇನ್ನೊಬ್ಬರಿಗೆ ಅದೇ ಅಂದಾಜು ಗಟ್ಟಿ ಟಿಪ್ಪಿನ ಸದ್ದಿನಲ್ಲಿ ಸಿಗುತ್ತದೆ. ಕ್ಯಾಮೆರಾ ಹಿಡಿಯಲಾರದ್ದು ಅದು. ರಾಣಿಪೇಟೆಯವರೇ, ನಲವತ್ತು ವರ್ಷ ಕೈಯಲ್ಲಿ ಗೊತ್ತಿದ್ದ ವಿಷಯಕ್ಕೆ ನೀವು ಇಂದು ಕಾರಣ ಕೊಟ್ಟಿರಿ. ಬೆನ್ನಿನ ಚರ್ಮ, ಹೊಟ್ಟೆಯ ಚರ್ಮ! ಯಾರೂ ನನಗೆ ಇದನ್ನು ಹೇಳಿರಲಿಲ್ಲ. ನಮ್ಮಲ್ಲಿ ಕೆಲವರು ಎಲ್ಕ್ ಮಾಸ್ಟರನ್ನು ಒಂದು ದಿನ ಹಾಲಿನಲ್ಲಿ ನೆನೆಸಿ, ವೈಸ್‌ನಲ್ಲಿ ಬಿಗಿಯಾಗಿ ಒತ್ತಿ, ಒಣಗಿಸಿ ಬಳಸುತ್ತಿದ್ದರು. ಗಟ್ಟಿಯಾಗಿ ಚೆನ್ನಾಗಿಯೇ ಆಗುತ್ತಿತ್ತು. ಅದಕ್ಕೂ ಕಾರಣವಿದೆಯೇ?

ಚರ್ಮದ ಕೆಲಸಗಾರ (ರಾಣಿಪೇಟೆ)

ಇದೆ ಸರ್. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನನ್ನು ಚರ್ಮಕ್ಕೆ ಮೆರುಗು ಕೊಡುವ ಕೆಲಸದಲ್ಲಿ ನಾವೂ ಅಂಟಾಗಿ ಬಳಸುತ್ತೇವೆ. ಆದರೆ ನಿಮ್ಮ ಟಿಪ್ಪಿನಲ್ಲಿ ದೊಡ್ಡ ಪಾಲು ವೈಸ್‌ನದೇ ಇರಬೇಕು. ನೆನೆದ ನಾರು ಒತ್ತಿದಂತೆ ಕೂರುತ್ತದೆ, ಹಾಗೆಯೇ ಒಣಗಿದರೆ ಅಲ್ಲೇ ನಿಲ್ಲುತ್ತದೆ.

ಕಡಲೂರ ಕ್ಯೂ (ಮಂಗಳೂರು), ಐದು ವಾರಗಳ ನಂತರ

ಎಲ್ಲರಿಗೂ ಋಣಿ. ನಡೆದದ್ದನ್ನು ಹೇಳಬೇಕು.

14 ಮಿ.ಮೀ.ನ ಒಂದೇ ತುಂಡಿನ ಟಿಪ್ಪು ನಾಲ್ಕು, ಪದರಗಳ ಮೀಡಿಯಂ ಒಂದು ತರಿಸಿದೆ. ಪಾರ್ಲರಿನವರು ಟಿಪ್ಪೇ ಇಲ್ಲದ ಒಂದು ಕ್ಯೂವನ್ನು ಕಲಿಯಲು ಕೊಟ್ಟರು. ಮೊದಲನೆಯದು ಕೆಟ್ಟಿತು, ಅಂಟು ಹೆಚ್ಚಾಗಿ ಮಾಸ್ಕಿಂಗ್ ಟೇಪಿನ ಕೆಳಗೂ ಇಳಿಯಿತು. ಎರಡನೆಯದು ಎರಡು ದಿನ ನಿಂತು ಮೂರನೆಯ ದಿನ ಹಾರಿಹೋಯಿತು. ಫೆರುಲ್‌ನ ಮುಖವನ್ನು ಬೆಳಕಿಗೆ ಹಿಡಿದು ನೋಡಿರಲಿಲ್ಲ, ನಡುವೆ ತಗ್ಗಿತ್ತು. ಅಡುಗೆಮನೆಯ ಕಪಾಟಿನ ಒಂದು ಗಾಜಿನ ಹಲಗೆ ತೆಗೆದುಕೊಂಡು ಅದರ ಮೇಲೆ ಕಾಗದ ಹರಡಿ ಉಜ್ಜಿದೆ. ಮೂರನೆಯದು ನಿಂತಿತು. ಪಾರ್ಲರಿನ ಹುಡುಗರು ಈಗ ಆ ಕ್ಯೂವನ್ನೇ ಮೊದಲು ಎತ್ತಿಕೊಳ್ಳುತ್ತಿದ್ದಾರೆ.

ಆಮೇಲೆ ಒಂದು ಭಾನುವಾರ ನನ್ನ ಕ್ಯೂಗೆ ಪದರಗಳದ್ದನ್ನು ಹಾಕಿದೆ. ಪಕ್ಕ ಉಜ್ಜಲು ಅಪ್ಪನ ಹಳೆಯ ಬೆಲ್ಟಿನಿಂದ ಒಂದು ತುಂಡು ಕತ್ತರಿಸಿಕೊಂಡೆ. ಮಾರ್ಕರ್ ಸರ್ ಹೇಳಿದ ಬಿಸಿ ಬೆರಳಿಗೆ ತಾಗಿದಾಗ, ಗೋಡೆ ಕಪ್ಪಾಗಿ ಮಿಂಚತೊಡಗಿದಾಗ, ನನಗೆ ಆದ ಸಂತೋಷವನ್ನು ಹೇಳಲಾರೆ. ಮೊದಲ ವಾರ ಚೆಂಡು ನನ್ನ ಲೆಕ್ಕಕ್ಕಿಂತ ಮುಂದೆ ಓಡುತ್ತಿತ್ತು. ಎರಡನೆಯ ವಾರದ ಕೊನೆಗೆ ಸದ್ದು ಬದಲಾಯಿತು, ತೆರೆದ ಡಬ್ಬಿಗೆ ತಟ್ಟಿದಂತಿದ್ದದ್ದು ಮುಚ್ಚಿದ ಪುಸ್ತಕಕ್ಕೆ ತಟ್ಟಿದಂತಾಯಿತು. ಪೆಟ್ಟಿಗೆಯಲ್ಲಿ ಚಪ್ಪಲಿ ಡಬ್ಬಿಗಳಿಂದ ತೆಗೆದ ಸಿಲಿಕಾ ಜೆಲ್ ಪೊಟ್ಟಣ ಆರು ಇವೆ. ಬ್ರೇಕ್‌ಗೆ ಪಾರ್ಲರಿನ ಕ್ಯೂವನ್ನೇ ಬಳಸುತ್ತೇನೆ. ಐದು ವಾರ ಬಿಡದೆ ಸುರಿದ ಮಳೆಯಲ್ಲೂ ಅಣಬೆಯಾಗಿಲ್ಲ.

ಒಂದು ಸಂಗತಿ ಮಾತ್ರ ಅರ್ಥವಾಗುತ್ತಿಲ್ಲ. ರೂಪಾಯಿ ನಾಣ್ಯ ಹಿಡಿದು ನೋಡಿದರೆ ಒಂದು ಬದಿ ಸರಿಯಾಗಿದೆ, ಇನ್ನೊಂದು ಬದಿ ಸ್ವಲ್ಪ ಹೆಚ್ಚು ಸವೆದಿದೆ. ನಾನು ಉಜ್ಜಿದ್ದರಲ್ಲೇ ತಪ್ಪಾಗಿದೆಯೇ?

ಹಳೆಯ ಮಾರ್ಕರ್ (ಬಸವನಗುಡಿ, ಬೆಂಗಳೂರು)

ಎರಡು ಟಿಪ್ಪು ಕೆಡಿಸಿ ಮೂರನೆಯದರಲ್ಲಿ ಕಲಿತಿರಿ. ನನಗೆ ಎಂಟೋ ಒಂಬತ್ತೋ ಬೇಕಾಗಿದ್ದವು. ಸವೆತ ನೀವು ಉಜ್ಜಿದ್ದರಿಂದ ಆದದ್ದಲ್ಲ. ನೀವು ಪ್ರತಿ ಸಲವೂ ಕ್ಯೂವಿನ ಒಂದೇ ಮಗ್ಗುಲನ್ನು ಮೇಲಕ್ಕೆ ಮಾಡಿ ಹಿಡಿಯುತ್ತಿರಬೇಕು, ಕೆಳಗೆ ಹೊಡೆಯುವ ಹೊಡೆತಗಳೂ ಹೆಚ್ಚಿರಬೇಕು. ಆಗ ಟಿಪ್ಪಿನ ಒಂದೇ ಬದಿ ಚೆಂಡಿಗೆ ಉಜ್ಜುತ್ತದೆ. ಕ್ಯೂವಿನ ಹಿಡಿಯುವ ಭಾಗವಾದ ಬಟ್‌ನ ಮೇಲೆ ಏನಾದರೂ ಗುರುತೋ ಸ್ಟಿಕ್ಕರೋ ಇದೆಯೇ ನೋಡಿ. ಚಾಕ್ ಹಚ್ಚುವಾಗಲೆಲ್ಲ ಕ್ಯೂವನ್ನು ಕಾಲು ಸುತ್ತು ತಿರುಗಿಸಿ ಹಿಡಿಯಿರಿ. ಈಗಲೇ ಮರಳು ಕಾಗದ ಮುಟ್ಟಿಸಬೇಡಿ, ಹದಿನೈದು ದಿನದಲ್ಲಿ ತಾನಾಗಿ ಸಮವಾಗಿ ಬರುತ್ತದೆ. ಪಕ್ಕದ ಗೋಡೆ ಒಂದೂವರೆ ಮಿ.ಮೀ.ಗೆ ಇಳಿಯುವವರೆಗೆ ಬದಲಿಸುವ ಯೋಚನೆಯೂ ಬೇಡ.

ಕಡಲೂರ ಕ್ಯೂ (ಮಂಗಳೂರು)

ಇದೆ ಸರ್. ಬಟ್‌ನ ಮೇಲೆ ಅಣ್ಣ ನನ್ನ ಹೆಸರು ಕೆತ್ತಿಸಿದ್ದಾನೆ. ಅದು ಮೇಲೆ ಕಾಣುವಂತೆಯೇ ಹಿಡಿಯುತ್ತಿದ್ದೆ. ಇಂದು ಸಂಜೆಯಿಂದ ತಿರುಗಿಸಿ ಆಡುತ್ತೇನೆ.